ನಾಲ್ಕು ಪರ್ಸೆಂಟಿನ ಲೆಕ್ಕ ನಾನು ಹೊಂದಿಸಿದ್ದು

‘ನಾಲ್ಕು ಪರ್ಸೆಂಟಿಗೆ ಯಾರು ಮಾರಾಯ ಈ ತಲೆನೋವು ತಗೊಳ್ತಾರೆ?’ ಅಂತ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಟ್ಯಾಕ್ಸ್ ಕೆಲಸ ಮಾಡೋ ನನ್ನ ಗೆಳೆಯರೆಲ್ಲ ಕೇಳಿದ್ದರು. ತಮ್ಮ ಹಣ ತಾವೇ ನಿಭಾಯಿಸಲಾಗದ ಮಾಜಿ ಯೋಧರಿಗೆ ವಿಎ (ಅಮೆರಿಕದ ಮಾಜಿ ಯೋಧರ ಇಲಾಖೆ) ಕೊಡೋ ಹಣ ಅವರ ಪರವಾಗಿ ನೋಡಿಕೊಳ್ಳುವ ಫಿಡ್ಯೂಷಿಯರಿ ಕೆಲಸಕ್ಕೆ ನಾನು ಇಳಿದು ಆರು ವರ್ಷವಾಯಿತು. ಆ ತಿಂಗಳ ಹಣದ ನಾಲ್ಕು ಪರ್ಸೆಂಟ್ ನನ್ನ ಫೀ. ಈಗ ನನ್ನ ಕೈಯಲ್ಲಿ ಹದಿನಾಲ್ಕು ಜನ ಇದ್ದಾರೆ. ಫೀ ತಿಂಗಳಿಗೆ ಸುಮಾರು ಒಂದೂವರೆ ಸಾವಿರ ಡಾಲರ್ ಬರುತ್ತೆ, ವಿಎಗೆ ಕೊಟ್ಟ ಲೆಕ್ಕ ಒಂದೂ ತಪ್ಪು ಅಂತ ವಾಪಸ್ ಬಂದಿಲ್ಲ. ಕೇಳಿದವರಲ್ಲೇ ಇಬ್ಬರು ಮೊನ್ನೆ ಬಂದು ಹೇಗೆ ಅಂತ ವಿಚಾರಿಸಿದ್ರು.

ಮೊದಲ ವರ್ಷವೇ ಪೆಟ್ಟು ಬಿತ್ತು. ಒಬ್ಬರಿಗೆ ಹಿಂಬಾಕಿ ಅಂತ ನಲವತ್ತು ಸಾವಿರ ಡಾಲರಿನ ಹತ್ತಿರ ಒಂದೇ ಸಲ ಬಂತು. ಅದಕ್ಕೂ ನಾಲ್ಕು ಪರ್ಸೆಂಟ್ ಹಾಕಿ ಸಾವಿರದ ಆರುನೂರು ಚಿಲ್ಲರೆ ಎತ್ತಿಕೊಂಡೆ. ಫೀ ಹುಟ್ಟೋದು ತಿಂಗಳು ತಿಂಗಳು ಬರೋ ಹಣಕ್ಕೆ ಮಾತ್ರ. ಹಿಂಬಾಕಿಗೂ ಇಲ್ಲ, ಕೂಡಿಟ್ಟ ದುಡ್ಡಿಗೂ ಇಲ್ಲ, ಹಳೆ ಫಿಡ್ಯೂಷಿಯರಿ ದಾಟಿಸಿದ್ದಕ್ಕೂ ಇಲ್ಲ. ನಾನೇ ಪತ್ರ ಬರೆದು ವಾಪಸ್ ಕಟ್ಟಿದೆ. ಖಾತೆ 25,000 ಡಾಲರ್ ದಾಟಿದ್ದರಿಂದ ಶ್ಯೂರಿಟಿ ಬಾಂಡೂ (ಯೋಧರ ಹಣಕ್ಕೆ ಜಾಮೀನು) ಬೇಕಾಯಿತು. ಅದರ ಪ್ರೀಮಿಯಮ್ಮು ಯೋಧರ ಹಣದಿಂದಲೇ ಕಟ್ಟಬಹುದು ಅಂತ ಗೊತ್ತಿಲ್ಲದೆ ಒಂದು ವರ್ಷ ನನ್ನ ಜೇಬಿಂದ ಕೊಟ್ಟೆ.

ಎರಡನೇ ಪೆಟ್ಟು ಆಟೋ ಟ್ರಾನ್ಸ್‌ಫರ್, ಅಂದರೆ ಫೀ ಪ್ರತಿ ತಿಂಗಳು ತಾನಾಗೇ ನನ್ನ ಖಾತೆಗೆ ಬರೋ ಏರ್ಪಾಡು. ನೂರು ಪರ್ಸೆಂಟ್ ಅಂಗವೈಕಲ್ಯದ, ಒಂಟಿ ಇರುವವರಿಗೆ 2025ರಲ್ಲಿ 3,831 ಡಾಲರ್ ಬರ್ತಿತ್ತು, ನನ್ನ ಫೀ 153. ಅದನ್ನೇ ಸೆಟ್ ಮಾಡಿ ಬಿಟ್ಟಿದ್ದೆ. ಅವರಲ್ಲೊಬ್ಬರು ಫೆಲನಿ (ಗಂಭೀರ ಅಪರಾಧ) ಶಿಕ್ಷೆಯಾಗಿ ಜೈಲಿಗೆ ಹೋದರು. 61ನೇ ದಿನದಿಂದ ಹಣ ಹತ್ತು ಪರ್ಸೆಂಟ್ ಅಂಗವೈಕಲ್ಯದ ದರಕ್ಕೆ, ಅಂದರೆ 175 ಚಿಲ್ಲರೆಗೆ ಇಳಿಯಿತು. ಫೀ ಏಳು ಡಾಲರ್ ಆಗಬೇಕಿತ್ತು, ಎರಡು ತಿಂಗಳು 153 ಹೋಗಿಬಿಟ್ಟಿತ್ತು! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಆಟೋ ಪೂರ್ತಿ ನಿಲ್ಲಿಸಿದೆ. ಹಣ ಖಾತೆಗೆ ಬಿದ್ದ ಮೇಲೆ, ಬಿದ್ದಷ್ಟಕ್ಕೆ ಲೆಕ್ಕ ಹಾಕಿ, ಪ್ರತಿ ತಿಂಗಳು ಐದನೇ ತಾರೀಕು ಕೈಯಾರೆ ಎತ್ತುತ್ತೀನಿ. ಹದಿನಾಲ್ಕು ಖಾತೆಗೆ ನಲವತ್ತು ನಿಮಿಷ ಸಾಕು. ಅದಕ್ಕೆ ನಾನು ಕಟ್ಟಿಕೊಂಡ ಲೆಕ್ಕದ ಶೀಟಿನ ಒಳಗುಟ್ಟು ಇಲ್ಲಿ ಬಿಚ್ಚಲ್ಲ, ಅದಕ್ಕೆ ತುಂಬಾ ದಿನ ಸವೆಸಿದ್ದೀನಿ. ಇಷ್ಟು ಹೇಳ್ತೀನಿ: ಹದಿನಾಲ್ಕೂ ಜನ ಒಂದೇ ಬ್ಯಾಂಕು, ಹೆಚ್ಚುಕಮ್ಮಿ ಒಂದೇ ರಸ್ತೆಯ ಸುತ್ತಮುತ್ತ. ಒಂದೂವರೆ ಗಂಟೆ ದೂರದವರನ್ನ ಒಪ್ಪಿಕೊಂಡರೆ ಫೀ ಎಲ್ಲ ಕಾರಿನ ಪೆಟ್ರೋಲಿಗೇ ಹೋಗುತ್ತೆ.

ನೆಂಟರಿಗೆ ಮಾಡಿದರೆ ಫೀ ಇಲ್ಲ. ಊರಿನ ಗೆಳೆಯನೊಬ್ಬ, ಹೆಂಡತಿಯ ಅಣ್ಣ ಸೇನೆಯಲ್ಲಿದ್ದವನು ಅಂತ, ಅವನಿಗಾಗಿ ಫಾರ್ಮ್ ಹಾಕಿ ತಿಂಗಳುಗಟ್ಟಲೆ ಫೀಗೆ ಕಾದಿದ್ದ, ಪಾಪ.

ಇನ್ನೊಂದು ಪ್ರಯೋಗ ಫೀಗೆ ಸಂಬಂಧವಿಲ್ಲದ್ದು, ಆದರೆ ನನಗೆ ಬರೋ ಫೋನು ಅರ್ಧ ಕಮ್ಮಿ ಮಾಡಿತು. ಕೈಖರ್ಚಿನ ಹಣ ಶುಕ್ರವಾರ ಹಾಕಿದರೆ ವಿಯೆಟ್ನಾಂ ಯುದ್ಧ ಕಂಡ ನಮ್ಮ ಹಿರಿಯರೊಬ್ಬರದು ಭಾನುವಾರವೇ ಖಾಲಿ. ಸೋಮವಾರಕ್ಕೆ ಬದಲಿಸಿದೆ, ಬುಧವಾರ ಖಾಲಿ. ಸೋಮವಾರ ಅರವತ್ತು ಡಾಲರ್, ಗುರುವಾರ ಅರವತ್ತು ಅಂತ ಪ್ರಿಪೇಯ್ಡ್ ಕಾರ್ಡಿಗೆ ಒಡೆದು ಹಾಕಿದ ಮೇಲೆ ವಾರ ಪೂರ್ತಿ ನಡೀತು. ಕಳೆದ ತಿಂಗಳು ಅದರಲ್ಲೇ ಉಳಿಸಿ ಮೀನು ಹಿಡಿಯೋ ಗಾಳದ ಕೋಲು ತಗೊಂಡಿದ್ದಾರೆ. ರಸೀದಿ ತಂದುಕೊಟ್ಟರು, ವರ್ಷದ ಲೆಕ್ಕದ ಫೈಲಿಗೆ ಸೇರಿಸಿದೆ.