ತೆರೆಮರೆಯ ಸಲಹೆಗಾರರ ಜೀವನಚಿತ್ರ ಬರೆಯುವ ಕ್ರಮ: ಮೊಯ್ನಿಹಾನ್ ನಿದರ್ಶನ

ಆಳುವವರಿಗೆ ಸಲಹೆ ಕೊಡುತ್ತಿದ್ದು, ರಾಯಭಾರಿಯಾಗಿ ದುಡಿದು, ಕೊನೆಗೆ ತಾವೇ ಚುನಾವಣೆಗೆ ನಿಂತು ಗೆದ್ದವರ ಬಗ್ಗೆ ಬರೆಯುವಾಗ ಹುದ್ದೆಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಂಥ ಪಟ್ಟಿಯಿಂದ ಸಲಹೆ ಯಾರದು, ತೀರ್ಮಾನ ಯಾರದು ಎಂಬುದು ತಿಳಿಯುವುದಿಲ್ಲ. ಇದನ್ನು ಬೇರ್ಪಡಿಸಿ ಬರೆಯುವ ಕ್ರಮವನ್ನು, 1973ರಿಂದ 1975ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಅವರ ನಿದರ್ಶನದಿಂದ ವಿವರಿಸುತ್ತೇನೆ.

ಮೊದಲು ಇಸವಿಗಳನ್ನು ಬರೆದುಕೊಂಡು, ಪ್ರತಿಯೊಂದರ ಎದುರಿಗೆ ಆ ಹುದ್ದೆ ಕೊಟ್ಟವರು ಯಾರೆಂದು ದಾಖಲಿಸಿಕೊಳ್ಳಿ. ಮೊಯ್ನಿಹಾನ್ 1950ರ ದಶಕದಲ್ಲಿ ನ್ಯೂಯಾರ್ಕ್ ಗವರ್ನರ್ ಆವರೆಲ್ ಹ್ಯಾರಿಮನ್ ಅವರ ಕಚೇರಿಯಲ್ಲಿದ್ದರು. ಕೆನಡಿ ಮತ್ತು ಜಾನ್ಸನ್ ಕಾಲದಲ್ಲಿ ಕಾರ್ಮಿಕ ಇಲಾಖೆಗೆ ಬಂದರು. ಡೆಮಾಕ್ರಟಿಕ್ ಪಕ್ಷದವರಾಗಿದ್ದೂ 1969ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಅವರಿಗೆ ನಗರ ವ್ಯವಹಾರಗಳ ಸಲಹೆಗಾರರಾದರು. ದೆಹಲಿಗೆ ಕಳುಹಿಸಿದವರೂ ನಿಕ್ಸನ್ ಅವರೇ, ವಿಶ್ವಸಂಸ್ಥೆಗೆ ಕಳುಹಿಸಿದವರು ಫೋರ್ಡ್. ಸಾಲಾಗಿ ನಾಲ್ವರು ಅಧ್ಯಕ್ಷರು, ಎರಡು ಪಕ್ಷಗಳು ಎಂಬುದು ಹೀಗೆ ಬರೆದುಕೊಂಡಾಗ ಎದ್ದು ಕಾಣುತ್ತದೆ. ಸೋಲುಗಳನ್ನು ಬಿಡಬೇಡಿ: 1965ರಲ್ಲಿ ಅವರು ನ್ಯೂಯಾರ್ಕ್ ನಗರ ಪರಿಷತ್ತಿನ ಅಧ್ಯಕ್ಷ ಸ್ಥಾನಕ್ಕೆ ತಮ್ಮ ಪಕ್ಷದ ಉಮೇದುವಾರಿಕೆ ಬಯಸಿ ಸೋತಿದ್ದರು.

ಎರಡನೆಯದಾಗಿ, ಸಲಹೆಗಾರರ ಬರಹವನ್ನೇ ಓದಿ. ಅದರ ಬಗ್ಗೆ ಇತರರು ಬರೆದದ್ದನ್ನು ಆಮೇಲೆ ನೋಡಿ. ಆಫ್ರಿಕನ್ ಅಮೆರಿಕನ್ ಕುಟುಂಬಗಳ ಸ್ಥಿತಿಗತಿ ಕುರಿತ ಅವರ 1965ರ ವರದಿ ಸರ್ಕಾರದ ಒಳಗಿನವರಿಗಾಗಿ ಸಿದ್ಧವಾದದ್ದು. ಅದು ಹೊರಬಿದ್ದಾಗ, ನೊಂದವರ ಮೇಲೆಯೇ ತಪ್ಪು ಹೊರಿಸಲಾಗಿದೆ ಎಂಬ ಟೀಕೆ ಬಂತು. ಸಂಕಟಕ್ಕೆ ನಿರುದ್ಯೋಗ ದೊಡ್ಡ ಕಾರಣವೆಂದು ವರದಿ ಹೇಳಿದ್ದರೂ, ಬಹಳ ಮಂದಿಯ ನೆನಪಿನಲ್ಲಿ ಉಳಿದದ್ದು ಆ ಟೀಕೆಯೇ. ಕ್ರಿಯಾಪದಗಳ ವಿಷಯದಲ್ಲಿಯೂ ಎಚ್ಚರ ಬೇಕು. ಬಡ ಕುಟುಂಬಗಳಿಗೆ ಕನಿಷ್ಠ ಆದಾಯದ ಭರವಸೆ ನೀಡುವ ಯೋಜನೆಯನ್ನು ಮೊಯ್ನಿಹಾನ್ "ತಂದರು" ಎಂದರೆ ತಪ್ಪಾಗುತ್ತದೆ. ಅವರು ಅದರ ಪರವಾಗಿ ವಾದಿಸಿದರು, 1969ರ ಆಗಸ್ಟ್‌ನಲ್ಲಿ ನಿಕ್ಸನ್ ಘೋಷಿಸಿದರು, ಕೆಳಮನೆ ಒಪ್ಪಿತು, ಮೇಲ್ಮನೆಯಾದ ಸೆನೆಟ್‌ನಲ್ಲಿ ಅದು ನಿಂತುಹೋಯಿತು.

ರಾಯಭಾರದ ವರ್ಷಗಳಿಗೆ ಬಂದಾಗ ಔತಣಕೂಟಗಳನ್ನು ಬಿಟ್ಟು ಒಂದೇ ಒಂದು ವ್ಯವಹಾರವನ್ನು ಆರಿಸಿ ಬಿಡಿಸಿ ಹೇಳುವುದು ಮೇಲು. ಅಮೆರಿಕದ ಆಹಾರ ನೆರವಿನ ಪಿಎಲ್-480 ಯೋಜನೆಯಡಿ ಭಾರತ ಕೊಂಡ ಅಮೆರಿಕದ ಗೋಧಿಗೆ ಬೆಲೆ ಸಂದಾಯವಾಗುತ್ತಿದ್ದದ್ದು ರೂಪಾಯಿಯಲ್ಲಿ. ಆ ಹಣ ಅಮೆರಿಕದ ಲೆಕ್ಕಕ್ಕೆ ಇಲ್ಲಿಯೇ ಬೆಳೆಯುತ್ತ ಹೋಗಿ, ಖರ್ಚು ಮಾಡಲಾಗದ ರಾಶಿಯಾಗಿತ್ತು. 1971ರ ಯುದ್ಧದ ನಂತರ ಎರಡೂ ದೇಶಗಳ ಸಂಬಂಧ ಹಳಸಿದ್ದಾಗ ಮೊಯ್ನಿಹಾನ್ ಈ ಗಂಟನ್ನು ಬಿಚ್ಚಲು ಕೂತರು. 1974ರ ಫೆಬ್ರವರಿಯಲ್ಲಿ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರಕ್ಕೆ ಒಪ್ಪಿಸಿದರು. ಇಲ್ಲಿಯೂ ಸಂಧಾನ ಅವರದು, ಅನುಮತಿ ವಾಷಿಂಗ್ಟನ್ನಿನದು. ಆದರೂ ಅವರ ಕೈಚಳಕ ಇಷ್ಟು ಸ್ಪಷ್ಟವಾಗಿ ಕಾಣುವ ಘಟನೆ ಇನ್ನೊಂದು ಸಿಗಲಾರದು ಎಂದು ನನ್ನ ಎಣಿಕೆ.

ಒಂದು ಪಾತ್ರದಿಂದ ಇನ್ನೊಂದಕ್ಕೆ ದಾಟುವ ಹೊತ್ತನ್ನು ನಿಧಾನವಾಗಿ ಬರೆಯಿರಿ. 1975ರ ನವೆಂಬರ್ 10ರಂದು ಜಿಯೋನಿಸಂ, ಅಂದರೆ ಯಹೂದಿಗಳಿಗೆ ತಮ್ಮದೇ ರಾಷ್ಟ್ರ ಬೇಕೆಂಬ ಚಳವಳಿ, ಒಂದು ಬಗೆಯ ಜನಾಂಗಭೇದವೆಂದು ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯಿಸಿದಾಗ ಮೊಯ್ನಿಹಾನ್ ಅದನ್ನು ವಿರೋಧಿಸಿ ಮಾಡಿದ ಕಟುವಾದ ಭಾಷಣ ಅವರನ್ನು ಮನೆಮಾತಾಗಿಸಿತು. ಆ ಹುದ್ದೆ ಬಿಟ್ಟು ಚುನಾವಣೆಗೆ ನಿಲ್ಲುವುದು ಮರ್ಯಾದೆಯಲ್ಲ ಎಂದು ಅದೇ ಸಮಯದಲ್ಲಿ ಅವರು ಬಹಿರಂಗವಾಗಿ ಹೇಳಿದ್ದರು. 1976ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಪಕ್ಷದೊಳಗಿನ ಸ್ಪರ್ಧೆಯಲ್ಲಿ ನ್ಯೂಯಾರ್ಕಿನ ಸಂಸದೆ ಬೆಲ್ಲಾ ಅಬ್‌ಜುಗ್ ಅವರನ್ನು ಕೂದಲೆಳೆಯ ಅಂತರದಲ್ಲಿ ಹಿಂದಿಕ್ಕಿ, ನವೆಂಬರಿನಲ್ಲಿ ಸೆನೆಟ್‌ಗೆ ಆರಿಸಿಬಂದರು. ಮಾತು, ನಡೆ ಎರಡನ್ನೂ ದಿನಾಂಕದೊಂದಿಗೆ ಅಕ್ಕಪಕ್ಕ ಇಡಿ. ನೀವು ತೀರ್ಪು ಕೊಡಬೇಕಾಗಿಲ್ಲ.

1977ರಿಂದ 2001ರವರೆಗಿನ ಸೆನೆಟ್ ಅವಧಿಗೆ ಭಾಷಣಗಳಿಗಿಂತ ಮತದಾನದ ದಾಖಲೆಯೇ ಒಳ್ಳೆಯ ಆಧಾರ. ಅದರಲ್ಲಿ ಹಳೆಯ ಸಲಹೆಗಳ ಎಳೆಯನ್ನು ಹುಡುಕಿ. ಬಡ ಕುಟುಂಬಗಳಿಗಿದ್ದ ಸರ್ಕಾರಿ ನೆರವಿನ ಖಾತರಿಯನ್ನು ಕೊನೆಗೊಳಿಸಿದ 1996ರ ಕಾನೂನಿಗೆ ಮೊಯ್ನಿಹಾನ್ ಅವರ ಪಕ್ಷದವರೇ ಆದ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು; 1969ರಲ್ಲಿ ಕನಿಷ್ಠ ಆದಾಯದ ಪರ ವಾದಿಸಿದ್ದ ಮೊಯ್ನಿಹಾನ್ ಅದರ ವಿರುದ್ಧ ಮತ ಹಾಕಿದ್ದರು.