120 ಗ್ರೇನ್ ಮೊನೆ, ಪುಕ್ಕವಿಲ್ಲದ ಬಾಣ ಮತ್ತು ಉದ್ಯಮಬಾಗದ ಲೇಥ್: ನನ್ನ ಅನುಭವ

ಕಾಂಪೌಂಡ್ ಬಿಲ್ಲಿಗೆ (ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿ ಇರುವ ಬಿಲ್ಲು) ಬೇರ್ ಶಾಫ್ಟ್ ಟ್ಯೂನಿಂಗ್ (ಪುಕ್ಕವಿಲ್ಲದ ಬಾಣ ಬಿಟ್ಟು ನೋಡಿ ಬಿಲ್ಲು-ಬಾಣ ಹೊಂದಿಸುವುದು) ಯಾಕೆ, ಅದು ಗಾಲಿಯಿಲ್ಲದ ಬಿಲ್ಲು ಹಿಡಿಯುವ ರಿಕರ್ವ್‌ನವರ ಕೆಲಸ. ಮೂತಿ ಭಾರ ಮಾಡಿದರೆ ಬಾಣ 50 ಮೀಟರ್ ಮುಟ್ಟುವಷ್ಟರಲ್ಲಿ ನೆಲ ನೋಡುತ್ತದೆ. ಪಂಪಿನ ಬುಶ್ ತಿರುವುವ ಲೇಥ್‌ನಲ್ಲಿ ಬಾಣದ ಪಾಯಿಂಟ್ (ಲೋಹದ ಮೊನೆ) ಆಗುವುದಿಲ್ಲ. ಬೆಳಗಾವಿಯಲ್ಲಿ ಜೊತೆಗೆ ಬಿಲ್ಲು ಹಿಡಿಯುವ ಮಂದಿಯಿಂದ ಈ ಮೂರೂ ಮಾತನ್ನು ಸುಮಾರು ಎರಡು ವರ್ಷ ಕೇಳಿದ್ದೇನೆ. ಈಗ ಅದೇ ಬಿಲ್ಲಿನಿಂದ ಬಿಟ್ಟ ಹನ್ನೆರಡು ಬಾಣ 50 ಮೀಟರಿನಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ, 11–12 ಸೆಂಟಿಮೀಟರಿನೊಳಗೆ ಕೂಡುತ್ತಿವೆ. ಮೊದಲು 18–20 ಇತ್ತು. 72 ಬಾಣದ ಸುತ್ತಿನಲ್ಲಿ ಅಂಕ 648ರ ಆಸುಪಾಸು ಇದ್ದದ್ದು 676ರ ಹತ್ತಿರ ಬಂದಿದೆ. ಬಿಲ್ಲು ಬದಲಾಗಿಲ್ಲ, ರಿಲೀಸ್ (ಸ್ಟ್ರಿಂಗ್ ಹಿಡಿದು ಬಿಡುವ ಸಾಧನ) ಬದಲಾಗಿಲ್ಲ. ಬದಲಾದದ್ದು ಬಾಣ ಮಾತ್ರ.

ಬಾಣ ತಿದ್ದುವ ಈ ವಿಚಾರ ನಮ್ಮದಲ್ಲ. ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ ದೊಡ್ಡ ಪ್ರಾಣಿಗೆ ಅಲಗಿನ ಮೊನೆ ಕಟ್ಟುವವರಿಂದ ಬಂದದ್ದು. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಬೇಟೆ ಅಪರಾಧ, ಅದು ಸರಿಯೂ ಹೌದು. ಆದರೆ ಅವರ ಟ್ಯೂನಿಂಗ್‌ನಿಂದ ಕಲಿಯುವುದು ಬಹಳ ಇದೆ. ಅಲಗು ಬಾಣದ ಮುಂಭಾಗದಲ್ಲಿ ರೆಕ್ಕೆಯಂತೆ ಗಾಳಿ ಹಿಡಿಯುತ್ತದೆ. ಬಾಣ ಸ್ವಲ್ಪ ಸೊಟ್ಟ ಹೊರಟರೂ ಹಿಂದಿನ ವೇನ್ (ಪ್ಲಾಸ್ಟಿಕ್ ಪುಕ್ಕ) ಅದನ್ನು ತಿದ್ದುವ ಮೊದಲೇ ಮುಂದಿನ ಅಲಗು ಬಾಣವನ್ನು ತನ್ನ ಕಡೆ ಎಳೆಯುತ್ತದೆ. ಹಾಗಾಗಿ ಅವರು ಸಾದಾ ಪಾಯಿಂಟ್ ಎಲ್ಲಿ ಬೀಳುತ್ತದೋ ಅಲಗಿನ ಮೊನೆಯೂ ಅಲ್ಲೇ ಬೀಳುವ ತನಕ ರೆಸ್ಟ್ (ಬಿಲ್ಲಿನಲ್ಲಿ ಬಾಣ ಕೂರುವ ಆಸರೆ) ಸರಿಸುತ್ತಾರೆ. ವೇನ್ ತೆಗೆದ ಬೇರ್ ಶಾಫ್ಟ್ ನಮಗೆ ಅದೇ ಸತ್ಯ ಹೇಳುತ್ತದೆ, ಯಾವ ಅಲಗೂ ಬೇಡ.

ನನ್ನ ಬಿಲ್ಲಿನ ಎಳೆತದ ಬಲ 52 ಪೌಂಡ್, ಡ್ರಾ (ಎಳೆತದ ಉದ್ದ) 28 ಇಂಚು, ಬಾಣ 27.5 ಇಂಚಿಗೆ ಕತ್ತರಿಸಿದ್ದು. ಕ್ಯಾಮ್ ಟೈಮಿಂಗ್ (ಎರಡೂ ಗಾಲಿ ಒಟ್ಟಿಗೆ ತಿರುಗುವುದು), ಎಳೆತ ನಿಲ್ಲಿಸುವ ಎರಡೂ ಸ್ಟಾಪ್ ಒಟ್ಟಿಗೆ ಬಡಿಯುವುದು, ನಾಕ್ (ಸ್ಟ್ರಿಂಗ್ ಕೂರುವ ಬಾಣದ ಹಿಂತುದಿ) ಮಟ್ಟ, ಸೆಂಟರ್ ಶಾಟ್ (ಬಿಲ್ಲಿನ ಹಿಡಿಕೆಯಿಂದ ಬಾಣದ ನಡುವಿಗೆ ಅಡ್ಡ ಅಂತರ) 20 ಮಿಲಿಮೀಟರ್, ಇವೆಲ್ಲ ಬಿಲ್ಲು ಹಿಡಿಯುವವರಿಗೆ ಗೊತ್ತಿದ್ದದ್ದೇ. ಒಂದು ಮಾತು ಮಾತ್ರ: ಹೊಸ ಸ್ಟ್ರಿಂಗ್ ಹಾಕಿ 200 ಬಾಣ ಬಿಡುವ ಮೊದಲು ಟ್ಯೂನಿಂಗ್‌ಗೆ ಕೈ ಹಾಕಬೇಡಿ. ಸ್ಟ್ರಿಂಗ್ ಹಿಗ್ಗಿದಂತೆ ಟೈಮಿಂಗ್ ಸರಿಯುತ್ತದೆ. ನೀವು ರೆಸ್ಟ್ ಸರಿಸಿ ಸರಿಸಿ ತಿದ್ದುತ್ತಿರುವುದು ಸ್ಟ್ರಿಂಗ್‌ನ ತಪ್ಪನ್ನು.

ಮೊದಲ ದೊಡ್ಡ ನಷ್ಟ ಸ್ಪೈನ್‌ನಲ್ಲಿ ಆಯಿತು. ಸ್ಪೈನ್ ಅಂದರೆ ಶಾಫ್ಟ್ (ಬಾಣದ ಕೊಳವೆ) ಎಷ್ಟು ಬಾಗುತ್ತದೆ ಎಂಬ ಸಂಖ್ಯೆ, ಅದು ಹೆಚ್ಚಾದಷ್ಟೂ ಶಾಫ್ಟ್ ಮೆದು. ಕೈಯಲ್ಲಿದ್ದ 500 ಸ್ಪೈನ್ ಶಾಫ್ಟಿಗೆ 90 ಗ್ರೇನ್ ತೂಕದ ಪಾಯಿಂಟ್ ತೆಗೆದು ಸೀದಾ 120 ಹಾಕಿದೆ. ಮೊನೆ ಭಾರವಾದರೆ ಶಾಫ್ಟ್ ಮೆದುವಿನಂತೆ ವರ್ತಿಸುತ್ತದೆ ಎಂದು ಗೊತ್ತಿದ್ದೂ, ಅರ್ಧ ಇಂಚು ಕತ್ತರಿಸಿದರೆ ಸರಿಹೋದೀತು ಅಂದುಕೊಂಡೆ. 20 ಮೀಟರಿನಲ್ಲಿ ಬೇರ್ ಶಾಫ್ಟ್ 25–30 ಸೆಂಟಿಮೀಟರ್ ಆಚೆ ಹೋಗಿ, ಬಾಲ ಓರೆಯಾಗಿ ನಿಲ್ಲುತ್ತಿತ್ತು. ರೆಸ್ಟ್ ಮೂರು ಮಿಲಿಮೀಟರ್ ಸರಿಸಿದರೂ ಕೂಡಲಿಲ್ಲ. ಇದನ್ನು ಗುರುತಿಗೆ ಇಟ್ಟುಕೊಳ್ಳಿ: ರೆಸ್ಟ್ ಸೆಂಟರ್ ಬಿಟ್ಟು ಎರಡು ಮಿಲಿಮೀಟರ್ ಆಚೆ ಹೋಗಬೇಕಾಯಿತು ಅಂದರೆ ತಪ್ಪು ರೆಸ್ಟಿನದ್ದಲ್ಲ, ಸ್ಪೈನ್‌ನದ್ದು. ಕತ್ತರಿಸುತ್ತಾ ಹೋಗಿ ಐದು ಶಾಫ್ಟ್ ಹಾಳಾದವು, ಹೆಚ್ಚುಕಡಿಮೆ 3,500 ರೂಪಾಯಿ. ಕೊನೆಗೆ 450 ಸ್ಪೈನ್‌ನ ಹೊಸ ಡಜನ್ ತಂದೆ, ಸುಮಾರು 9,000.

ಲೆಕ್ಕ ಹೀಗಿದೆ. 120 ಗ್ರೇನ್ ಪಾಯಿಂಟ್‌ನೊಂದಿಗೆ ಪೂರ್ತಿ ಬಾಣ 340 ಗ್ರೇನ್ ಆಸುಪಾಸು, ಮುಂಭಾರ (ಬಾಣದ ಸಮತೋಲದ ಬಿಂದು ನಡುವಿನಿಂದ ಎಷ್ಟು ಮುಂದಿದೆ ಎಂಬುದು) 14 ಪರ್ಸೆಂಟ್. 90 ಗ್ರೇನ್‌ಗೆ ಅದು ಹತ್ತೂವರೆ ಇತ್ತು. ವೇಗ ಸೆಕೆಂಡಿಗೆ 10–12 ಅಡಿ ಕಡಿಮೆಯಾಯಿತು, 50 ಮೀಟರಿನಲ್ಲಿ ಬಾಣ ಆರೇಳು ಇಂಚು ಕೆಳಗೆ ಬಿತ್ತು. ಸೈಟ್ (ಗುರಿ ನೋಡುವ ಸಾಧನ) ಇಳಿಸಿದರೆ ಮುಗಿಯಿತು. "ಮೂತಿ ಭಾರ ಆದ್ರ ಬಾಣ ಕೆಳಗ ಬೀಳ್ತದೋ ಮಾರಾಯಾ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಪ್ರತಿ ಬಾಣ ಒಂದೇ ಸಮ ಕೆಳಗೆ ಬಿದ್ದರೆ ಅದು ತಪ್ಪಲ್ಲ, ಸೈಟ್ ಮಾರ್ಕ್. ತಪ್ಪು ಇರುವುದು ಒಂದು ಬಾಣ ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗುವುದರಲ್ಲಿ. ಬೆಳಗಾವಿಯಲ್ಲಿ ಜೂನ್‌ನಿಂದ ಆಗಸ್ಟ್ ತನಕ ಬೀಸುವ ಪಶ್ಚಿಮದ ಗಾಳಿಯಲ್ಲಿ ಹಗುರ ಮೂತಿಯ ಬಾಣ ಹೇಗೆ ತೇಲುತ್ತದೆ ಎಂಬುದನ್ನು ಇಲ್ಲಿ ಬಿಲ್ಲು ಹಿಡಿದ ಯಾರಿಗೂ ಹೇಳಬೇಕಿಲ್ಲ.

ಇನ್ನು ಪಾಯಿಂಟ್. ಕಂಪನಿಯ ಸ್ಟೀಲ್ ಪಾಯಿಂಟ್ ಡಜನ್‌ಗೆ ಮೂರರಿಂದ ನಾಲ್ಕು ಸಾವಿರ, ಟಂಗ್‌ಸ್ಟನ್ ಮಾತು ಬೇಡವೇ ಬೇಡ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿ, ಲೇಥ್ ಸಾಲುಸಾಲು ಇರುವಾಗ ಇದಕ್ಕೆ ಇಷ್ಟು ರೊಕ್ಕ ಯಾಕೆ ಕೊಡಬೇಕು ಅನ್ನಿಸಿತು. ಸಣ್ಣ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುವವರು ಕೇಳಿದ ಮೊದಲ ಪ್ರಶ್ನೆ: "ಗ್ರೇನ್ ಅಂದ್ರ ಏನ್ರೀ? ಗ್ರಾಂದಾಗ ಹೇಳ್ರಿ." 120 ಗ್ರೇನ್ ಅಂದರೆ 7.78 ಗ್ರಾಂ. ಶಾಫ್ಟಿನ ಒಳವ್ಯಾಸ 4.2 ಮಿಮೀ, ಆದ್ದರಿಂದ ಪಾಯಿಂಟಿನ ಕಡ್ಡಿ 4.18ರಿಂದ 4.20ರೊಳಗೆ, ಉದ್ದ 47 ಮಿಮೀ. ತಲೆ ಶಾಫ್ಟಿನ ಹೊರವ್ಯಾಸಕ್ಕೆ ಸಮ, ಉದ್ದ 15 ಮಿಮೀ.

ಮೊದಲ ಸಲ ಮೈಲ್ಡ್ ಸ್ಟೀಲ್‌ನಲ್ಲಿ ಮಾಡಿಸಿದ್ದು ಪೂರಾ ಹಾಳು. ಕಡ್ಡಿ ತಿರುವಿ, ಮತ್ತೆ ಚಕ್‌ನಲ್ಲಿ ತಿರುಗಿಸಿ ಹಿಡಿದು ತಲೆ ತಿರುವಿದ್ದರು. ಎರಡು ಸಲ ಹಿಡಿದರೆ ಎರಡು ಸೆಂಟರ್. ಬಾಣಕ್ಕೆ ಹಾಕಿ ಎರಡು ಬೇರಿಂಗ್ ಮೇಲೆ ಉರುಳಿಸಿದರೆ ಮೊನೆ ಕಣ್ಣಿಗೆ ಕಾಣುವಷ್ಟು ಓಲಾಡುತ್ತಿತ್ತು. ತೂಕದಲ್ಲಿ ನಾಲ್ಕೈದು ಗ್ರೇನ್ ವ್ಯತ್ಯಾಸ. ಮೇಲಾಗಿ ಗುರಿ ತಪ್ಪಿದ ಬಾಣ ಇಲ್ಲಿನ ಕೆಂಪು ಜಂಬಿಟ್ಟಿಗೆಗೆ ಬಡಿದರೆ ತುದಿ ಮಡಚಿಕೊಳ್ಳುತ್ತಿತ್ತು, ಮಳೆಗಾಲದಲ್ಲಿ ತುಕ್ಕು ಬೇರೆ.

ಎರಡನೇ ಸಲ 6 ಮಿಮೀ ಎಸ್‌ಎಸ್ 304 (ತುಕ್ಕು ಹಿಡಿಯದ ಸ್ಟೀಲ್) ರಾಡ್, ಕಾಲೆಟ್‌ನಲ್ಲಿ (ರಾಡನ್ನು ಸುತ್ತಲೂ ಸಮನಾಗಿ ಬಿಗಿಯುವ ಹಿಡಿಕೆ) ಒಂದೇ ಹಿಡಿತ. ಮೊದಲು ಕಡ್ಡಿ, ಆಮೇಲೆ ತಲೆ, ಕೊನೆಗೆ ಮೊನೆಯ ಇಳಿಜಾರು ತಿರುವುತ್ತಲೇ ರಾಡಿನಿಂದ ಬೇರ್ಪಡಿಸುವುದು. ಆದರೂ ಕಡ್ಡಿ ತೆಳ್ಳಗೆ, ಉದ್ದ. ಟೂಲ್ ಒತ್ತಿದ ಕಡೆ ಬಾಗಿ, ತುದಿಯಲ್ಲಿ 0.04 ಮಿಮೀಯಷ್ಟು ದಪ್ಪ ಉಳಿಯುತ್ತಿತ್ತು, ಶಾಫ್ಟಿನೊಳಗೆ ಹೋಗುತ್ತಿರಲಿಲ್ಲ. ಹಲವು ಸಣ್ಣ ಪಾಸ್‌ಗಳಲ್ಲಿ ತೆಗೆಯುವ ಬದಲು, ರಾಡನ್ನು ಸ್ವಲ್ಪ ಸ್ವಲ್ಪ ಹೊರಗೆ ಎಳೆದು ಪ್ರತಿ ತುಂಡನ್ನೂ ಪೂರ್ತಿ ದಪ್ಪದಿಂದ ಒಂದೇ ಪಾಸ್‌ನಲ್ಲಿ ಅಳತೆಗೆ ಇಳಿಸಿದಾಗ ಸರಿಬಂತು. ಟೂಲ್ ಕೊರೆಯುವ ಜಾಗ ಕಾಲೆಟ್‌ನ ಬಾಯಿಗೆ ಅಂಟಿಕೊಂಡಂತೆ ಇದ್ದರೆ ಕಡ್ಡಿಗೆ ಬಾಗಲು ಅವಕಾಶವೇ ಇಲ್ಲ. ಉದ್ದ ಬೇಕೆಂದೇ ಒಂದು ಮಿಲಿಮೀಟರ್ ಹೆಚ್ಚು ಬಿಟ್ಟು, ಅಕ್ಕಸಾಲಿಗರು ಬಳಸುವ 10 ಮಿಲಿಗ್ರಾಂ ತಕ್ಕಡಿಯ ಮೇಲೆ ಒಂದೊಂದನ್ನೂ ಇಟ್ಟು, ಕಡ್ಡಿಯ ಹಿಂಬದಿ ಉಜ್ಜಿ ತೂಕ ಕೂಡಿಸಿದೆ. ಹನ್ನೆರಡೂ ಅರ್ಧ ಗ್ರೇನ್ ಒಳಗೆ ಬಂದವು. ಹಾಳಾದದ್ದೂ ಸೇರಿ ಲೇಥ್ ಖರ್ಚು 2,600 ಆಗಿರಬೇಕು. ಪಾಯಿಂಟ್ ಕಡ್ಡಿಯಲ್ಲಿ ಅಂಟಿಗಾಗಿ ಕೊರೆದ ಗೆರೆ ಎಷ್ಟು, ಎಲ್ಲೆಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಅಂಟಿನ ವಿಷಯಕ್ಕೆ ಬಂದರೆ, ಬೇಗ ಕರಗುವ ಹಾಟ್ ಮೆಲ್ಟ್ ಬೆಳಗಾವಿಯಲ್ಲಿ ಸಾಕು. ಆದರೆ ಏಪ್ರಿಲ್‌ನಲ್ಲಿ ಅದೇ ಬಾಣವನ್ನು ವಿಜಯಪುರದ ಬಯಲಿಗೆ ಒಯ್ದರೆ ಪಾಯಿಂಟ್ ಗುರಿಯಲ್ಲೇ ಉಳಿದು ಬರೀ ಶಾಫ್ಟ್ ಕೈಗೆ ಬರುತ್ತದೆ. 40 ಡಿಗ್ರಿ ಬಿಸಿಲಿನಲ್ಲಿ ಕಪ್ಪು ಕಾರ್ಬನ್ ಮುಟ್ಟಲಾಗದಷ್ಟು ಕಾಯುತ್ತದೆ, ಅಂಟು ಮೆತ್ತಗಾಗುತ್ತದೆ. ಎರಡು ಪಾಯಿಂಟ್ ಹಾಗೆ ಹೋದವು. ಈಗ ಹೆಚ್ಚು ಶಾಖಕ್ಕೆ ಕರಗುವ ಕಡ್ಡಿ ಅಂಟು ಹಾಕಿ, ಬಾಣವನ್ನು ಬಿಳಿ ಧೋತರದ ತುಂಡಿನಲ್ಲಿ ಸುತ್ತಿ ನೆರಳಲ್ಲಿ ಇಡುತ್ತೇನೆ. ಅಂಟು ಹಚ್ಚುವಾಗ ಶಾಖ ಕೊಡಬೇಕಾದದ್ದು ಪಾಯಿಂಟಿಗೆ, ಶಾಫ್ಟಿಗೆ ಅಲ್ಲ. ಕಾರ್ಬನ್‌ಗೆ ನೇರ ಜ್ವಾಲೆ ತಗುಲಿದರೆ ಒಳಗಿನ ರಾಳ ಸುಟ್ಟು ಆ ಶಾಫ್ಟ್ ಮುಗಿದಂತೆಯೇ.

ಕತ್ತರಿಸುವುದು ವೇಗದ ಕಟಿಂಗ್ ಡಿಸ್ಕ್‌ನಿಂದ, ಶಾಫ್ಟ್ ತಿರುಗಿಸುತ್ತಾ, ಮೂಗಿಗೆ ಮಾಸ್ಕ್ ಹಾಕಿಕೊಂಡು. ಹ್ಯಾಕ್‌ಸಾ ಹಚ್ಚಿದರೆ ತುದಿ ಸೀಳುತ್ತದೆ. ಆಮೇಲೆ ಬಹಳಷ್ಟು ಮಂದಿ ಬಿಟ್ಟುಬಿಡುವ ಕೆಲಸ: ಕತ್ತರಿಸಿದ ತುದಿಗೆ ಬೆಳ್ಳಿ ಬಣ್ಣದ ಮಾರ್ಕರ್ ಹಚ್ಚಿ, ನುಣುಪು ಎಮೆರಿ ಅಂಟಿಸಿದ ಚೌಕ ಪಟ್ಟಿಯ ಮೇಲೆ ನಾಲ್ಕು ಸುತ್ತು ತಿರುಗಿಸಿ. ಬಣ್ಣ ಒಂದೇ ಬದಿ ಹೋಗಿ ಇನ್ನೊಂದು ಬದಿ ಉಳಿದಿದ್ದರೆ ತುದಿ ಓರೆ. ಓರೆ ತುದಿಯ ಮೇಲೆ ಕೂತ ಪಾಯಿಂಟ್ ಎಷ್ಟೇ ಚೆನ್ನಾಗಿ ತಿರುವಿದ್ದಾಗಿರಲಿ, ಸೊಟ್ಟಗೇ ಕೂರುತ್ತದೆ. ನನ್ನ ಡಜನ್‌ನಲ್ಲಿ ಏಳು ಓರೆ ಇದ್ದವು. ಬಣ್ಣ ಸುತ್ತಲೂ ಸಮನಾಗಿ ಹೋದ ಮೇಲೆ ಬಾಣದ ಮೊನೆಯನ್ನು ಹಲಗೆಯ ಮೇಲಿಟ್ಟು, ಶಾಫ್ಟನ್ನು ಎರಡು ಉಗುರಿನ ನಡುವೆ ಬುಗುರಿಯಂತೆ ತಿರುಗಿಸಿ. ಸರಿ ಇದ್ದರೆ ಉಗುರಿಗೆ ಏನೂ ತಿಳಿಯುವುದಿಲ್ಲ. ತಪ್ಪಿದ್ದರೆ ಸಣ್ಣ ಜುಮುಜುಮು ಹತ್ತುತ್ತದೆ. ಕಣ್ಣಿಗಿಂತ ಉಗುರು ಮೇಲು.

ಈಗ ಮುಖ್ಯ ಕೆಲಸ. ಹನ್ನೆರಡೂ ಶಾಫ್ಟಿಗೆ ನಂಬರ್ ಹಾಕಿ, ವೇನ್ ಅಂಟಿಸದೆ, 18 ಮೀಟರಿನಿಂದ ಬಿಟ್ಟೆ. ಪ್ರತಿಯೊಂದನ್ನೂ ಮೂರು ಸಲ, ಹಾಳೆಯ ಮೇಲೆ ನಂಬರ್ ಬರೆದುಕೊಂಡು. ಎಂಟು ಒಂದು ಕಡೆ, ನಾಲ್ಕು ಚದುರಿದವು. ಚದುರಿದವುಗಳ ನಾಕ್ ಕಾಲು ಸುತ್ತು ತಿರುಗಿಸಿ ಮತ್ತೆ ಬಿಡುವುದು, ಮತ್ತೆ ಕಾಲು ಸುತ್ತು. ಕಾರ್ಬನ್ ಶಾಫ್ಟ್ ಸುತ್ತಲೂ ಒಂದೇ ಬಿರುಸು ಇರುವುದಿಲ್ಲ. ಬಿರುಸಿನ ಬದಿ ಪ್ರತಿ ಬಾಣದಲ್ಲೂ ಒಂದೇ ದಿಕ್ಕಿಗೆ ಬಂದಾಗ ಬಾಣ ಕೂಡಿಕೊಳ್ಳುತ್ತದೆ. ಮೂರು ಸರಿಹೋದವು. 9ನೇ ನಂಬರ್ ನಾಲ್ಕೂ ದಿಕ್ಕಿನಲ್ಲಿ ದಾರಿಗೆ ಬರಲಿಲ್ಲ, ಅದನ್ನು ಅಭ್ಯಾಸಕ್ಕೆ ಎತ್ತಿಟ್ಟು, ಒಂದು ಬಿಡಿ ಶಾಫ್ಟ್ ತಂದು ಡಜನ್ ಪೂರ್ತಿ ಮಾಡಿದೆ. ಪೆನ್ಸಿಲ್‌ನಿಂದ ಮೇಲ್ಬದಿ ಗುರುತು ಹಾಕಿ, ಆ ಗುರುತಿಗೆ ಸರಿಯಾಗಿ ಆಮೇಲೆ ವೇನ್ ಅಂಟಿಸಿದೆ. ಮೊದಲು ವೇನ್ ಅಂಟಿಸಿ ಆಮೇಲೆ ನಾಕ್ ತಿರುಗಿಸಿದರೆ ವೇನ್ ರೆಸ್ಟಿಗೆ ಉಜ್ಜುತ್ತದೆ. ಕೆಲಸದ ಸರದಿ ತಪ್ಪಿದರೆ ಇಡೀ ಶ್ರಮ ವ್ಯರ್ಥ.

ಇದರ ನಂತರವೇ ರೆಸ್ಟ್. ವೇನ್ ಇರುವ ಮೂರು, ಇಲ್ಲದ ಎರಡು, 20 ಮೀಟರ್. ಬೇರ್ ಶಾಫ್ಟ್ ಎಡಕ್ಕೆ ಬಿದ್ದರೆ ರೆಸ್ಟ್ ಬಲಕ್ಕೆ, ಕೆಳಗೆ ಬಿದ್ದರೆ ರೆಸ್ಟ್ ಮೇಲಕ್ಕೆ. ಒಂದು ಸಲಕ್ಕೆ ಅರ್ಧ ಮಿಲಿಮೀಟರ್ ಮೀರಬಾರದು. ಮೊದಲು ಎತ್ತರ ಸರಿ ಮಾಡಿ, ಆಮೇಲೆ ಅಡ್ಡ. ಎರಡನ್ನೂ ಒಟ್ಟಿಗೆ ಹಿಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ನನಗೆ ಒಟ್ಟು ಸರಿಸಬೇಕಾಗಿ ಬಂದದ್ದು ಅಡ್ಡ 0.7, ಎತ್ತರ ಒಂದು ಮಿಲಿಮೀಟರ್‌ನಷ್ಟು. ಬಾಣ ಸರಿ ಇದ್ದರೆ ಬಿಲ್ಲು ಕೇಳುವುದು ಇಷ್ಟೇ. ಡಿ-ಲೂಪ್ (ರಿಲೀಸ್ ಸಿಕ್ಕಿಸುವ ದಾರದ ಕುಣಿಕೆ) ಒಳಗೆ ನಾಕ್ ಮೇಲೆ ಕೆಳಗೆ ಕಟ್ಟುವ ದಾರದ ಸುತ್ತಿನ ಲೆಕ್ಕವೂ ಒಂದಿದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ನಡುವೆ ಮಾಡಿದ ಪ್ರಯೋಗಗಳು. ಸ್ಪೈನ್ ಅಳೆಯಲು 28 ಇಂಚು ಅಂತರದಲ್ಲಿ ಎರಡು ಬೇರಿಂಗ್, ನಡುವೆ 880 ಗ್ರಾಂ ತೂಕ, ಮೇಲೆ 700 ರೂಪಾಯಿಯ ಹಳೆಯ ಡಯಲ್ ಗೇಜ್. 450 ಸ್ಪೈನ್ ಅಂದರೆ 0.450 ಇಂಚು ಬಾಗಬೇಕು. ಕತ್ತರಿಸುವ ಮೊದಲು ನನ್ನ ಡಜನ್ 0.442ರಿಂದ 0.458ರ ನಡುವೆ ಇತ್ತು. ಇದರ ಮೇಲೆ, ಬಿದಿರು ಬಿಲ್ಲಿನ ಸ್ಪರ್ಧೆಯಾದ ಇಂಡಿಯನ್ ರೌಂಡ್‌ನ ಬಿದಿರು ಬಾಣಗಳನ್ನೂ ಅಳೆದೆ. ಒಂದೇ ಕಟ್ಟಿನ ಬಾಣಗಳಲ್ಲಿ ವ್ಯತ್ಯಾಸ 0.100 ದಾಟಿತ್ತು. ಗಿಣ್ಣು ನಡುಭಾಗಕ್ಕೆ ಬಂದ ಬಾಣಗಳನ್ನು ಬೇರೆ ತೆಗೆದು ಬಿರುಸಿನ ಪ್ರಕಾರ ಜೋಡಿಸಿದರೆ 30 ಮೀಟರಿನಲ್ಲಿ ಆ ಗುಂಪೂ ಕೂಡುತ್ತದೆ, ಬಿದಿರು ಬಿಲ್ಲಿನವರು ಇದನ್ನು ಮಾಡಿ ನೋಡಬೇಕು. ಶಾಫ್ಟಿನ ಎರಡೂ ತುದಿ ಬೂಚು ಹಾಕಿ ದನದ ಬಾನಿಯ ನೀರಿನಲ್ಲಿ ತೇಲಿಸಿ ಬಿರುಸಿನ ಬದಿ ಹುಡುಕುವ ಪದ್ಧತಿಯನ್ನೂ ನೋಡಿದೆ. ಹನ್ನೆರಡರಲ್ಲಿ ಏಳು ಮಾತ್ರ ಗೇಜ್‌ಗೆ ಹೊಂದಿದವು, ಬಿಟ್ಟೆ.

ಇನ್ನೊಂದು, ಅಲಗಿನ ಮೊನೆಯ ಪರಿಣಾಮ ಅಲಗಿಲ್ಲದೆ ನೋಡಲು ಕತ್ತರಿಸದ 30 ಇಂಚಿನ ಶಾಫ್ಟಿನಲ್ಲಿ ಪಾಯಿಂಟಿನ ಹಿಂದೆಯೇ ಎರಡು ಸಣ್ಣ ವೇನ್ ಅಂಟಿಸಿದೆ. ಉದ್ದ ಶಾಫ್ಟೇ ಬೇಕು, ಇಲ್ಲದಿದ್ದರೆ ಎಳೆದಾಗ ಮುಂದಿನ ವೇನ್ ರೆಸ್ಟಿಗೆ ಸಿಕ್ಕುತ್ತದೆ. ಹಿಂದಿನ ವೇನ್ ಇದ್ದೂ ಬೇರ್ ಶಾಫ್ಟಿನ ನಾಲ್ಕು ಸೆಂಟಿಮೀಟರ್ ತಪ್ಪು ಹನ್ನೆರಡಾಗಿ ಕಂಡಿತು. ಒಂದೊಂದು ಹೊಡೆತಕ್ಕೂ ಎರಡು ವೇನ್ ಕಿತ್ತುಹೋಗುತ್ತಿದ್ದವು, ಹತ್ತು ಹೊಡೆತಕ್ಕೆ ನಿಲ್ಲಿಸಿದೆ.

ಬೇರ್ ಶಾಫ್ಟಿಗೆ ಗುರಿಕಟ್ಟೆ ಮೆತ್ತಗೆ ಇರಲೇಬೇಕು. ಕಬ್ಬಿನ ರವದಿ ಬಿಗಿದು ಕಟ್ಟಿದರೆ ಮೊದಲ ವಾರ ಚೆನ್ನ, ಆಮೇಲೆ ಗೆದ್ದಲು. ಜೋಳದ ಕಣಕಿಯ ಕಟ್ಟಂತೂ ಬೇಡವೇ ಬೇಡ. ಓರೆಯಾಗಿ ಬಂದ ಬಾಣ ಗಿಣ್ಣಿಗೆ ಬಡಿದು ಎರಡು ಶಾಫ್ಟ್ ಸೀಳಿದವು. ಕೊನೆಗೆ ರಬಕವಿ-ಬನಹಟ್ಟಿಯ ಮಗ್ಗಗಳ ನೂಲಿನ ಚಿಂದಿ, 60 ಕಿಲೋದಷ್ಟು, ಎರಡು ಪದರದ ಗೋಣಿಚೀಲದಲ್ಲಿ ತುಳಿದು ತುಂಬಿಸಿದೆ. ಎರಡು ಬೆರಳಿನಲ್ಲಿ ಬಾಣ ಹೊರಬರುತ್ತದೆ, ಮೊನೆ ಕಾಯುವುದಿಲ್ಲ. ತಿಂಗಳಿಗೊಮ್ಮೆ ಚೀಲ ಹೊರಳಿಸಿ ನಡುವಿನ ಗುಂಡಿಗೆ ಮತ್ತೆ ಚಿಂದಿ ತುರುಕಬೇಕು, ಇಲ್ಲದಿದ್ದರೆ ಬಾಣ ಹಿಂದಿನ ಗೋಡೆ ಮುಟ್ಟುತ್ತದೆ.

ಕಟ್ಟೆಯಿಂದ ತೆಗೆದ ಪ್ರತಿ ಬಾಣವನ್ನೂ ಕಿವಿಯ ಹತ್ತಿರ ಹಿಡಿದು, ನಾಲ್ಕೂ ದಿಕ್ಕಿಗೆ ಬಗ್ಗಿಸಿ, ಎರಡೂ ತುದಿ ಹಿಡಿದು ತಿರುಚಿ. ಚಿಟ್ ಎಂದು ಸಣ್ಣ ಸದ್ದು ಬಂದರೂ ಆ ಬಾಣ ಸ್ಟ್ರಿಂಗ್‌ಗೆ ಏರಬಾರದು. ಬಿಡುವಾಗ ಸೀಳಿದ ಕಾರ್ಬನ್ ಬಿಲ್ಲು ಹಿಡಿದ ಕೈಯೊಳಗೆ ನಾಟುತ್ತದೆ. ಅದನ್ನು ಅಲ್ಲೇ ಮುರಿದು, ಪಾಯಿಂಟ್ ಕಾಯಿಸಿ ತೆಗೆದಿಟ್ಟುಕೊಳ್ಳಿ. ಲೇಥ್‌ನಲ್ಲಿ ತಿರುವಿದ ಪಾಯಿಂಟ್ ಇನ್ನೂ ಎರಡು ಶಾಫ್ಟ್ ಬಾಳುತ್ತದೆ.