ಜೀಪು ಚಾಲಕನ ಕಣ್ಣಿಗೂ ಬೀಳಬೇಕು: ಮೆಡಿಕಲ್ ಐಡಿ ಬ್ರೇಸ್‌ಲೆಟ್ ಆರಿಸುವುದು ಹೇಗೆ?

ಇನ್ಸುಲಿನ್ ತೆಗೆದುಕೊಳ್ಳುವವರ ರಕ್ತದಲ್ಲಿ ಸಕ್ಕರೆ ಹಠಾತ್ತನೆ ಇಳಿದರೆ ಮಾತು ತೊದಲುತ್ತದೆ, ಮೈ ಬೆವರುತ್ತದೆ, ಹೆಜ್ಜೆ ತಪ್ಪುತ್ತದೆ. ಸಂತೆಯ ದಿನ ಕುಶಾಲನಗರದ ಬಸ್ ನಿಲ್ದಾಣದಲ್ಲಿ ಹೀಗೆ ಕುಸಿದವರನ್ನು ಕುಡಿದು ಬಿದ್ದವರೆಂದು ಭಾವಿಸಿ ಜನ ಪಕ್ಕಕ್ಕೆ ಸರಿದು ಹೋಗಬಹುದು. ರೋಗಿಗೆ ಮಾತನಾಡಲಾಗದ ಇಂಥ ಗಳಿಗೆಯಲ್ಲಿ ಅವರ ಪರವಾಗಿ ಮಾತನಾಡಲೆಂದೇ ಮೆಡಿಕಲ್ ಐಡಿ ಬ್ರೇಸ್‌ಲೆಟ್, ಅಂದರೆ ಕಾಯಿಲೆಯ ವಿವರ ಕೆತ್ತಿದ ಬಿಲ್ಲೆಯಿರುವ ಕೈಪಟ್ಟಿ, ಇರುವುದು. ಅಮೆರಿಕದಲ್ಲಿ 1953ರಲ್ಲಿ ವೈದ್ಯರೊಬ್ಬರ ಮಗಳು ಟೆಟನಸ್ ಪ್ರತಿವಿಷದ ಅಲರ್ಜಿಯಿಂದ ಸಾವಿನಂಚಿಗೆ ಹೋಗಿ ಬಂದ ಮೇಲೆ, ಆ ಅಲರ್ಜಿಯನ್ನು ಬರೆಸಿದ ಬ್ರೇಸ್‌ಲೆಟ್ ಅನ್ನು ಹೆತ್ತವರು ಆಕೆಗೆ ಮಾಡಿಸಿಕೊಟ್ಟರು. ಅದೇ ಮುಂದೆ 1956ರಲ್ಲಿ ಕ್ಯಾಲಿಫೋರ್ನಿಯಾದ ಟರ್ಲಾಕ್‌ನಲ್ಲಿ ಮೆಡಿಕ್‌ಅಲರ್ಟ್ ಸಂಸ್ಥೆಯ ಸ್ಥಾಪನೆಗೆ ಕಾರಣವಾಯಿತು.

ಕೊಡಗಿನ ಸಂಗತಿ ಸ್ವಲ್ಪ ಬೇರೆ. ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಸೇವೆ ಇದ್ದರೂ, ತೋಟದ ಒಳದಾರಿಯಲ್ಲಿ ಬಿದ್ದವರ ಬಳಿಗೆ ಮೊದಲು ಓಡಿ ಬರುವವರು ತೋಟದ ರೈಟರ್ (ಕೆಲಸದ ಉಸ್ತುವಾರಿ ನೋಡುವವರು), ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಯ ನೆರೆಯವರು ಅಥವಾ ಪಿಕಪ್ ಜೀಪಿನ ಚಾಲಕ. ವೈದ್ಯರ ಸರದಿ ಬರುವುದು ಆಮೇಲೆ. ಆದ್ದರಿಂದ ಬ್ರೇಸ್‌ಲೆಟ್ಟಿನ ಮುಂಬದಿ ಜನಸಾಮಾನ್ಯರಿಗೂ ಹಿಂಬದಿ ವೈದ್ಯರಿಗೂ ಮೀಸಲಾಗಿರಬೇಕು ಎಂಬುದು ಈ ಲೇಖನದ ನಿಲುವು.

ಮೊದಲ ಹಂತ: ನಿಮಗೆ ಬೇಕೇ ಎಂದು ವೈದ್ಯರನ್ನು ಕೇಳಿ

ಇನ್ಸುಲಿನ್ ಅವಲಂಬಿತ ಮಧುಮೇಹ, ಮೂರ್ಛೆ ರೋಗ, ಹಿಮೋಫಿಲಿಯಾ, ಸಿಕಲ್ ಸೆಲ್ ರಕ್ತಹೀನತೆ, ಔಷಧಗಳ ತೀವ್ರ ಅಲರ್ಜಿ, ಪೇಸ್‌ಮೇಕರ್, ಅಂಗಾಂಗ ಕಸಿ, ಮರೆವಿನ ಕಾಯಿಲೆ ಇರುವವರಿಗೆ ಇದು ಉಪಯುಕ್ತ. ವರ್ಷಗಟ್ಟಲೆ ಸ್ಟೀರಾಯ್ಡ್ ಸೇವಿಸುತ್ತಿರುವವರಿಗೂ, ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರಿಗೂ ಬೇಕು. ಅಂಥವರು ತಲೆಗೆ ಪೆಟ್ಟಾಗಿ ಬಂದರೆ ವೈದ್ಯರು ತೆಗೆದುಕೊಳ್ಳುವ ನಿರ್ಧಾರಗಳೇ ಬೇರೆ. ಜೇನು ಕಚ್ಚಿ ಒಮ್ಮೆಯಾದರೂ ಉಸಿರು ಕಟ್ಟಿದವರು, ಹೆಜ್ಜೇನು ಕಟ್ಟುವ ಮರಗಳಿರುವ ತೋಟಗಳಲ್ಲಿ ಓಡಾಡುವವರಾದರೆ, ಇದನ್ನು ಖಂಡಿತ ಕೈಬಿಡಬಾರದು.

ಎರಡನೆಯ ಹಂತ: ಒಡವೆಯಂತೆ ಕಾಣದ್ದನ್ನು ಆರಿಸಿ

ನಾಡಿ ನೋಡಲು ಮಣಿಕಟ್ಟನ್ನು ಹಿಡಿಯುವುದು ವಾಡಿಕೆಯಾದ್ದರಿಂದ ಬ್ರೇಸ್‌ಲೆಟ್ ಇರಬೇಕಾದ ಜಾಗ ಅದೇ. ಕುತ್ತಿಗೆಯ ಸರವೂ ನಡೆಯುತ್ತದೆ. ಕಾಲಿಗೆ ಕಟ್ಟಿದ್ದನ್ನು, ಅದರಲ್ಲೂ ಜಿಗಣೆಗೆ ಹೆದರಿ ಕಾಲ್ಚೀಲವನ್ನು ಮೊಣಕಾಲಿನವರೆಗೆ ಎಳೆದುಕೊಳ್ಳುವ ಮಳೆಗಾಲದಲ್ಲಿ, ಯಾರೂ ಹುಡುಕುವುದಿಲ್ಲ.

ನಮ್ಮ ಕೈಗಳಲ್ಲಿ ಈಗಾಗಲೇ ಬಹಳಷ್ಟು ಇರುತ್ತದೆ: ಬಳೆ, ವಾಚು, ತಾಮ್ರದ ಕಡಗ, ಮಂತ್ರಿಸಿ ಕಟ್ಟಿದ ದಾರ. ಇವುಗಳ ನಡುವೆ ತೆಳುವಾದ ಚಿನ್ನದ ಬಣ್ಣದ ಸರಪಳಿಯೊಂದನ್ನು ಸೇರಿಸಿದರೆ ಅದೂ ಒಡವೆಯ ಲೆಕ್ಕಕ್ಕೇ ಹೋಗುತ್ತದೆ. ಮಣಿ ಪೋಣಿಸಿದ ಅಲಂಕಾರದ ಮಾದರಿಗಳು ಅಂಗಡಿಯಲ್ಲಿ ಕಣ್ಣು ಸೆಳೆಯುತ್ತವೆ, ಅಪಘಾತದ ಜಾಗದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಬಿಲ್ಲೆ ಅಗಲವಾಗಿರಲಿ, ಚಪ್ಪಟೆಯಾಗಿರಲಿ, ಸಾಧ್ಯವಾದರೆ ಬಳೆಗಳಿಲ್ಲದ ಕೈಯಲ್ಲಿರಲಿ. ಮುಂಬದಿಯಲ್ಲಿ ಆರು ಬಾಹುಗಳ ನಕ್ಷತ್ರವೂ ಅದರ ನಡುವೆ ಕೋಲಿಗೆ ಸುತ್ತಿಕೊಂಡ ಒಂದು ಹಾವೂ ಇರುವ ಚಿಹ್ನೆ ಇರಬೇಕು. ಆಂಬುಲೆನ್ಸ್‌ಗಳ ಮೇಲೆ ಸಾಮಾನ್ಯವಾಗಿ ಕಾಣುವ ಈ ಚಿಹ್ನೆಯನ್ನು ತುರ್ತು ಸೇವೆಯ ಸಿಬ್ಬಂದಿ ಗುರುತಿಸುತ್ತಾರೆ. ಕೆಂಪು ಬಣ್ಣ ತುಂಬಿಸಿದ ಚಿಹ್ನೆ ದೂರಕ್ಕೂ ಕಾಣುತ್ತದೆ. ಆದರೆ ಬಿಳಿಯ ಮೇಲೆ ಕೆಂಪು ಶಿಲುಬೆಯನ್ನು ಹಾಕಿಸಬೇಡಿ: ಅದು ರೆಡ್ ಕ್ರಾಸ್‌ನ ಲಾಂಛನ, ಅದರ ಖಾಸಗಿ ಬಳಕೆಯನ್ನು 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನಿಷೇಧಿಸುತ್ತದೆ.

ಈ ನಕ್ಷತ್ರದ ಅರ್ಥ ಜೀಪು ಚಾಲಕನಿಗೆ ತಿಳಿದಿರಬೇಕೆಂದಿಲ್ಲ. ಅದಕ್ಕಾಗಿ ಚಿಹ್ನೆಯ ಪಕ್ಕದಲ್ಲೇ ಕನ್ನಡದಲ್ಲಿ ‘ರೋಗಿ – ಹಿಂದೆ ಓದಿ’ ಎಂದು ಕೆತ್ತಿಸಿ. ಆಗ 108ಕ್ಕೆ ಕರೆ ಮಾಡುವವರು ಫೋನಿನಲ್ಲೇ ಬಿಲ್ಲೆಯ ಹಿಂಬದಿಯನ್ನು ಓದಿ ಹೇಳಬಲ್ಲರು.

ಮೂರನೆಯ ಹಂತ: ಹಿಂಬದಿಯಲ್ಲಿ ಏನು ಬರೆಸಬೇಕು

ಎಚ್ಚರ ಹೆಚ್ಚು ಬೇಕಾದದ್ದು ಇಲ್ಲೇ. ಬಿಲ್ಲೆಯಲ್ಲಿ ನಾಲ್ಕೈದು ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ, ಹಿಡಿಸಿದರೂ ಅಕ್ಷರ ಓದಲು ಬಾರದಷ್ಟು ಸಣ್ಣದಾಗುತ್ತದೆ. ಜೀವಕ್ಕೆ ಅತಿ ಬೇಗ ಅಪಾಯ ತರುವ ಸಂಗತಿ ಮೊದಲ ಸಾಲಿನಲ್ಲಿರಲಿ: ‘ಟೈಪ್ 1 ಡಯಾಬಿಟಿಸ್, ಇನ್ಸುಲಿನ್’, ‘ಪೆನಿಸಿಲಿನ್ ಅಲರ್ಜಿ’, ‘ಮೆಕ್ಯಾನಿಕಲ್ ಹಾರ್ಟ್ ವಾಲ್ವ್, ವಾರ್ಫರಿನ್’ ಎಂಬಂತೆ. ಔಷಧದ ಬ್ರಾಂಡ್ ಹೆಸರಿಗಿಂತ ಮೂಲ ಹೆಸರೇ ಮೇಲು. ನಂತರ ರೋಗಿಯ ಹೆಸರು, ಆಮೇಲೆ ಫೋನ್ ಸಂಖ್ಯೆಗಳು.

ಹಿಂಬದಿಯ ಬರಹ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಇರಲಿ ಎನ್ನುವುದಕ್ಕೆ ಕಾರಣವಿದೆ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಿಂದಾಚೆ ಹೋಗಬೇಕಾದರೆ ಕೆಲವರನ್ನು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಅಥವಾ ಘಟ್ಟ ಇಳಿಸಿ ಮಂಗಳೂರಿಗೆ ಕರೆದೊಯ್ಯುತ್ತಾರೆ. ವಿರಾಜಪೇಟೆ ಕಡೆಯವರು ಮಾಕುಟ್ಟದ ದಾರಿಯಲ್ಲಿ ಕಣ್ಣೂರಿಗೆ ಹೋಗುವುದೂ ಉಂಟು. ಅಲ್ಲಿನ ತುರ್ತು ಕೊಠಡಿಯ ದಾದಿಗೆ ಕನ್ನಡ ಓದಲು ಬರಬೇಕೆಂದು ನಾವು ನಿರೀಕ್ಷಿಸಲಾಗದು.

ನಮ್ಮಲ್ಲಿ ಬ್ರೇಸ್‌ಲೆಟ್ ಮಾಡಿಸುವವರು ಮೊದಲು ಬರೆಸುವುದು ರಕ್ತದ ಗುಂಪನ್ನು. ಆದರೆ ಬಿಲ್ಲೆಯನ್ನು ನಂಬಿ ಯಾವ ಆಸ್ಪತ್ರೆಯೂ ರಕ್ತ ಕೊಡುವುದಿಲ್ಲ, ಮಾದರಿ ತೆಗೆದು ಗುಂಪು ಪರೀಕ್ಷಿಸಿ ಹೊಂದಾಣಿಕೆ ನೋಡಿಯೇ ಕೊಡುತ್ತಾರೆ. ಆದ್ದರಿಂದ ಜಾಗ ಉಳಿದರೆ ಮಾತ್ರ ಅದನ್ನು ಬರೆಸಿ. ಆಧಾರ್ ಸಂಖ್ಯೆಯೂ ಮನೆಯ ವಿಳಾಸವೂ ಬೇಡವೇ ಬೇಡ. ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಗಳ ಆಭಾ ಸಂಖ್ಯೆಯನ್ನು ಬರೆಸಬೇಕೆಂಬ ಸಲಹೆಯೂ ಕೇಳಿಬರಬಹುದು. ಅದರ ಮೂಲಕ ದಾಖಲೆ ಹಂಚಿಕೊಳ್ಳಲು ರೋಗಿಯ ಒಪ್ಪಿಗೆ ಬೇಕು, ಪ್ರಜ್ಞೆ ತಪ್ಪಿದವರು ಒಪ್ಪಿಗೆ ಕೊಡುವುದಾದರೂ ಹೇಗೆ?

ಫೋನ್ ಸಂಖ್ಯೆ ಎರಡಿರಲಿ, ಅವುಗಳಲ್ಲಿ ಒಂದು ಜಿಲ್ಲೆಯ ಹೊರಗಿನವರದ್ದಾಗಿರಲಿ. 2018ರ ಆಗಸ್ಟಿನ ಭೂಕುಸಿತದ ದಿನಗಳನ್ನು ಕಂಡವರಿಗೆ ಇದರ ಅಗತ್ಯವನ್ನು ವಿವರಿಸಬೇಕಿಲ್ಲ. ಕರೆಂಟು ಹೋಗಿ ಟವರ್ ಸತ್ತಾಗ ಊರಿನ ಮನೆಯ ಫೋನ್ ಮೂಕವಾಗುತ್ತದೆ; ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗಳಿಗೆ ಮಾತ್ರೆಗಳ ಪಟ್ಟಿ ಗೊತ್ತಿದ್ದರೆ, ಆಸ್ಪತ್ರೆಯಿಂದ ಅವಳಿಗೆ ಕರೆ ಹೋಗಬಹುದು.

ಕ್ಯೂಆರ್ ಕೋಡ್ ಇರುವ ಬಿಲ್ಲೆಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಸಾಮಾನ್ಯವಾಗಿ ಕೋಡ್ ತೆರೆದು ತೋರಿಸುವುದು ಅಂತರ್ಜಾಲದ ಒಂದು ಪುಟವನ್ನು. ನೆಟ್‌ವರ್ಕ್ ಸಿಗದ ತೋಟದ ನಡುವೆ ಅದು ಬರೀ ಕಪ್ಪು ಚೌಕ. ಹೆಚ್ಚುವರಿ ವಿವರಕ್ಕೆ ಕೋಡ್ ಇರಲಿ, ಮುಖ್ಯ ಸಂಗತಿ ಕೆತ್ತನೆಯಲ್ಲೇ ಇರಬೇಕು. ಮೊಬೈಲಿನ ತುರ್ತು ಮಾಹಿತಿಯ ಭಾಗವನ್ನೂ ತುಂಬಿಡಿ. ಲಾಕ್ ತೆಗೆಯದೆಯೂ ಓದಬಹುದಾದ ಆ ಮಾಹಿತಿಗೆ ನೆಟ್‌ವರ್ಕ್ ಬೇಕಿಲ್ಲ.

ನಾಲ್ಕನೆಯ ಹಂತ: ಮಳೆಗೂ ಕೆಲಸಕ್ಕೂ ತಡೆಯುವಂಥದ್ದು

ಚರ್ಮದ ಪಟ್ಟಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆಗೆ ಸಿಲಿಕೋನ್ ಪಟ್ಟಿ ಅಥವಾ ಸ್ಟೀಲ್ ಸರಪಳಿ ಸೂಕ್ತ. ನಿಕ್ಕಲ್ ತಾಗಿದರೆ ತುರಿಕೆಯಾಗುವವರು ಟೈಟಾನಿಯಂ ನೋಡಬಹುದು. ಮೇಲ್ಮೈಗೆ ಮುದ್ರಿಸಿದ ಅಕ್ಷರ ಸವೆಯುತ್ತದೆ, ಆಳವಾಗಿ ಕೆತ್ತಿಸಿದ್ದು ಉಳಿಯುತ್ತದೆ. ಟ್ರೋಫಿಗಳ ಮೇಲೆ ಹೆಸರು ಕೆತ್ತುವ ಅಂಗಡಿಯವರನ್ನು ಕೇಳಿ ನೋಡಿ; ಹಾಕಿ ಹಬ್ಬದ ನಾಡಿನಲ್ಲಿ ಕಪ್ಪುಗಳ ಕೆಲಸಕ್ಕೇನೂ ಬರವಿಲ್ಲ.

ಅಳತೆಗೆ ಮಣಿಕಟ್ಟಿಗೆ ದಾರ ಸುತ್ತಿ, ಒಂದು ಬೆರಳು ತೂರುವಷ್ಟು ಸಡಿಲ ಬಿಡಿ. ಪೇಸ್‌ಮೇಕರ್ ಇರುವವರಿಗೆ ಅಯಸ್ಕಾಂತದ ಕೊಂಡಿ ಕೂಡದು. ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿಕೊಂಡವರು ಆ ಕೈಗೆ ಏನನ್ನೂ ಕಟ್ಟದೆ ಇನ್ನೊಂದು ಕೈಯಲ್ಲಿ ಧರಿಸಿ, ಯಾವ ಕೈಗೆ ಸೂಜಿ ಚುಚ್ಚಬಾರದು ಎಂಬುದನ್ನೂ ಬರೆಸಬೇಕು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬಳಿ ದುಡಿಯುವವರು, ಏಣಿ ಹತ್ತಿ ಕರಿಮೆಣಸು ಕೊಯ್ಯುವವರು ಸರಪಳಿಯ ಬದಲು ಜೋರಾಗಿ ಎಳೆದರೆ ಬಿಚ್ಚಿಕೊಳ್ಳುವ ಸಿಲಿಕೋನ್ ಪಟ್ಟಿಯನ್ನು ಆರಿಸುವುದು ಕ್ಷೇಮ.

ಕೊನೆಯ ಹಂತ: ಪರೀಕ್ಷಿಸಿ, ಬದಲಿಸಿ

ಕೆತ್ತಿಸುವ ಮೊದಲು ಬರಹವನ್ನು ಬಿಲ್ಲೆಯ ಅಳತೆಯ ಕಾಗದದಲ್ಲಿ ಬರೆದು ನಿಮ್ಮ ವೈದ್ಯರಿಗೋ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಗೋ ತೋರಿಸಿ. ಮಾಡಿಸಿದ ಮೇಲೆ ರೇನ್‌ಕೋಟ್ ತೊಟ್ಟು ತೋಳನ್ನು ಇಳಿಬಿಟ್ಟು, ವಿಷಯ ಗೊತ್ತಿಲ್ಲದ ನೆರೆಯವರೊಬ್ಬರಿಗೆ ‘ನನ್ನ ಕೈಯಲ್ಲಿ ಏನಿದೆ, ಓದಿ’ ಎನ್ನಿ. ಅವರು ತಡಕಾಡಿದರೆ ಪಟ್ಟಿಯ ಬಣ್ಣವನ್ನೋ ಅಕ್ಷರದ ಗಾತ್ರವನ್ನೋ ಬದಲಿಸಬೇಕು. ಔಷಧ ಬದಲಾದ ದಿನವೇ ಹಳೆಯ ಬಿಲ್ಲೆಯನ್ನು ಬಿಚ್ಚಿಡಿ. ಹೊಸದು ಕೈಗೆ ಬರುವವರೆಗೆ ಔಷಧದ ಹೆಸರು ಬರೆದ ಚೀಟಿಯೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪರ್ಸಿನಲ್ಲಿ ಎದ್ದು ಕಾಣುವಂತೆ ಇಟ್ಟುಕೊಳ್ಳಿ.